ಸೊಂಟದ ಅಳತೆ ಹೇಳದ ಅಂಗಡಿ

ಯಾವ ದರ್ಜಿಯನ್ನಾದರೂ ಕೇಳಿ ನೋಡಿ, ಅವನ ಗಿರಾಕಿಗಳಲ್ಲಿ ಒಬ್ಬರೂ ದಪ್ಪಗಾಗಿರುವುದಿಲ್ಲ. ಬಟ್ಟೆಗಳು ಮಾತ್ರ ಕುಗ್ಗಿರುತ್ತವೆ.

"ಮಾಸ್ಟ್ರೇ, ಒಗೆದೂ ಒಗೆದೂ ಈ ಪ್ಯಾಂಟು ಕುಗ್ಗಿಹೋಗಿದೆ. ಸೊಂಟದಲ್ಲಿ ಸ್ವಲ್ಪ ಸಡಿಲ ಮಾಡ್ಕೊಡಿ" ಎಂದು ಬರುತ್ತಾರೆ. ಉದ್ದದಲ್ಲಿ ಕುಗ್ಗದೆ ಸೊಂಟದಲ್ಲಿ ಮಾತ್ರ ಕುಗ್ಗುವ ಬಟ್ಟೆಯನ್ನು ಯಾವ ಗಿರಣಿಯಲ್ಲಿ ನೇಯುತ್ತಾರೋ ದೇವರೇ ಬಲ್ಲ. ಆದರೆ ನಮ್ಮ ಕಥೆಯ ಮಾಸ್ಟರು ಯಾವತ್ತೂ ನಕ್ಕವರಲ್ಲ. "ಹೌದು ಹೌದು, ಈಗಿನ ಬಟ್ಟೆನೇ ಹಾಗೆ" ಎಂದು ಪ್ಯಾಂಟನ್ನು ಮಡಚಿ ಒಳಗಿಡುತ್ತಿದ್ದರು.

ಅವರ ಅಂಗಡಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಅಂಗಡಿಯಲ್ಲಿ ಕತ್ತರಿಸುವ ಉದ್ದ ಮೇಜು, ಮೋಟರು ಹಾಕಿದ ಒಂದು ಹೊಲಿಗೆ ಮಿಷನ್ನು, ಇಸ್ತ್ರಿ ಪೆಟ್ಟಿಗೆ. ಮೂಲೆಯಲ್ಲಿ ಹಳೆಯ ತುಳಿಯುವ ಮಿಷನ್ನೂ ಇತ್ತು, ಆದರೆ ಅದು ಕಾಣುತ್ತಿರಲಿಲ್ಲ. ಹೊಲಿಸಲು ಕೊಟ್ಟು ಮರೆತುಹೋದವರ ಬಟ್ಟೆಗಳು ಅದರ ಮೇಲೆ ರಾಶಿ ಬಿದ್ದಿದ್ದವು.

ಮಾಸ್ಟರಿಗೆ ಅವರ ಅಪ್ಪ ಕಲಿಸಿದ ಒಂದು ಕಟ್ಟುನಿಟ್ಟು ಇತ್ತು. ಗಿರಾಕಿಯ ಅಳತೆ ತೆಗೆಯುವಾಗ ಭುಜ, ತೋಳು, ಎದೆ, ಉದ್ದ ಎಲ್ಲವನ್ನೂ ಗಟ್ಟಿಯಾಗಿ ಹೇಳಬಹುದು, ಪಕ್ಕದಲ್ಲಿದ್ದವರು ಚೀಟಿಯಲ್ಲಿ ಬರೆದುಕೊಳ್ಳಬಹುದು. ಸೊಂಟದ ಅಳತೆ ಮಾತ್ರ ಬಾಯಿಬಿಟ್ಟು ಹೇಳಬಾರದು. ಟೇಪನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು, ತಾವೇ ಬಗ್ಗಿ ಚೀಟಿಯಲ್ಲಿ ಗೀಚಬೇಕು. "ಇನ್ನೊಬ್ಬರ ಸೊಂಟ ಬೀದಿಗೆ ಸಾರುವ ಸುದ್ದಿಯಲ್ಲ" ಎಂದು ಅಪ್ಪ ಹೇಳುತ್ತಿದ್ದರಂತೆ. ಒಳ್ಳೆಯ ಮರ್ಯಾದೆಯೇ. ಅದಕ್ಕೇ ಆ ಅಂಗಡಿಗೆ ದಪ್ಪ ಜನ ಧೈರ್ಯವಾಗಿ ಬರುತ್ತಿದ್ದರು.

ತಪ್ಪಾದದ್ದು ಆ ಮರ್ಯಾದೆ ಪರದೆ ದಾಟಿ ಮನೆಯೊಳಗೂ ಬಂದಾಗ.

ಮಾಸ್ಟರ ಹೆಂಡತಿಯನ್ನು ಬೀದಿಯವರೆಲ್ಲ ಕಾಜಾ ಅಕ್ಕ ಎನ್ನುತ್ತಿದ್ದರು. ಗುಂಡಿ ತೂರಿಸುವ ಕಾಜಾವನ್ನು ಕೈಯಲ್ಲಿ ಹೆಣೆಯುವುದರಲ್ಲಿ ಆಕೆಯನ್ನು ಮೀರಿಸುವವರು ಇರಲಿಲ್ಲ. ಹಿಂದೆ ಆಕೆ ತುಳಿಯುವ ಮಿಷನ್ನಿನಲ್ಲಿ ಹೊಲಿಯುತ್ತಿದ್ದರು, ನಲ್ಲಿಯಿಂದ ನೀರು ಹೊರುತ್ತಿದ್ದರು, ಹೊಲಿದ ಬಟ್ಟೆಯನ್ನು ಮನೆಮನೆಗೆ ತಲುಪಿಸಿ ಬರುತ್ತಿದ್ದರು. ಮೋಟರು ಬಂತು, ಮನೆಯೊಳಗೇ ನೀರು ಬಂತು, ಬಟ್ಟೆ ತಲುಪಿಸಲು ಸ್ಕೂಟರು ಬಂತು. ಆಕೆಗೆ ಉಳಿದದ್ದು ಒಂದು ಕುರ್ಚಿ, ಸೂಜಿ, ದಾರ, ಮತ್ತು ಗುಂಡಿ ತುಂಬಿದ ಒಂದು ಬಿಸ್ಕತ್ತಿನ ಡಬ್ಬಿ. ಬೆಳಿಗ್ಗೆ ಕುಳಿತರೆ ಸಂಜೆಯವರೆಗೆ ಕುರ್ಚಿ. ನಡುನಡುವೆ ಸಕ್ಕರೆ ಹಾಕಿದ ಚಹಾ, ಒಂದು ಬನ್ನು. ಕೆಲಸ ಕಮ್ಮಿಯಾಯಿತು, ಸುಖ ಬಂತು ಎಂದು ಎಲ್ಲರೂ ಅಂದುಕೊಂಡರು.

ವರ್ಷ ವರ್ಷ ಆಕೆಯ ಸೊಂಟ ಬೆಳೆಯಿತು. ಆದರೆ ಬಟ್ಟೆ ಯಾವತ್ತೂ ಬಿಗಿಯಾಗಲಿಲ್ಲ.

ಯಾಕೆಂದರೆ ಅವರು ದರ್ಜಿಯ ಹೆಂಡತಿ. ಒಳ್ಳೆಯ ದರ್ಜಿ ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟಿರುತ್ತಾನೆ. ಒಗೆದ ಬಟ್ಟೆ ಮಡಚುವಾಗ ಮಾಸ್ಟರು ಹೆಂಡತಿಯ ಅಂಗಿಗಳನ್ನು ಪಕ್ಕಕ್ಕೆ ಎತ್ತಿಟ್ಟು, ಆಕೆ ಅಡುಗೆಮನೆಯಲ್ಲಿರುವ ಹೊತ್ತು ನೋಡಿ, ಅರ್ಧ ಬ್ಲೇಡಿನಿಂದ ಹೊಲಿಗೆ ಬಿಚ್ಚಿ ಒಂದಿಷ್ಟು ಸಡಿಲ ಮಾಡಿ ಮತ್ತೆ ಹೊಲಿದು ಇಟ್ಟುಬಿಡುತ್ತಿದ್ದರು. ಆಕೆಗೆ ಬೇಸರವಾಗಬಾರದು ಎಂಬುದೊಂದೇ ಅವರ ಆಸೆ. ಪ್ರೀತಿಯೇ ಅದು, ಅಲ್ಲವೆನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಬಿಗಿಯಾದ ಬಟ್ಟೆ ಮೈಯ ಪರವಾಗಿ ಒಂದು ಮಾತು ಹೇಳುತ್ತದೆ. ಆ ಮಾತು ಆಕೆಯ ಕಿವಿಗೆ ಬೀಳದ ಹಾಗೆ ಗಂಡ ಪ್ರತಿ ಸಲವೂ ಹೊಲಿದು ಮುಚ್ಚಿದರು.

ಒಂದು ದಿನ ಬೀದಿಯಲ್ಲಿ ಉಚಿತ ತಪಾಸಣೆ ನಡೆಯಿತು. ಎಲ್ಲರೂ ಹೋದರೆಂದು ಕಾಜಾ ಅಕ್ಕನೂ ಹೋದರು. ರಕ್ತದಲ್ಲಿ ಸಕ್ಕರೆ ಹೆಚ್ಚಿದೆ, ಮಾತ್ರೆ ಶುರುಮಾಡಬೇಕು, ದಿನಾ ನಡೆಯಬೇಕು, ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು, ಕಣ್ಣನ್ನೂ ಪರೀಕ್ಷೆ ಮಾಡಿಸಬೇಕು ಎಂದು ಹೇಳಿ ಕಳಿಸಿದರು.

ಆಕೆ ಹೇಳಿದ ಮಾತು ಕೇಳುವ ಹೆಂಗಸು. ಚಹಾಕ್ಕೆ ಸಕ್ಕರೆ ಬಿಟ್ಟರು. ಬನ್ನು ಬಿಟ್ಟರು. ಅಂಗಡಿ ಬಾಗಿಲು ತೆರೆಯುವ ಮುಂಚೆ ಒಬ್ಬರೇ ಬಸ್ ನಿಲ್ದಾಣದ ಸುತ್ತ ನಡೆದು ಬರುತ್ತಿದ್ದರು. ಕೆಲವು ತಿಂಗಳಾದ ಮೇಲೆ ಔಷಧಿ ಅಂಗಡಿಯ ತೂಕದ ಯಂತ್ರ ಹತ್ತಿದರು. ಮಾಸ್ಟರೂ ಜೊತೆಗಿದ್ದರು. ತೂಕ ಇದ್ದಲ್ಲೇ ಇತ್ತು, ಇಳಿದಿತ್ತೋ ಇಲ್ಲವೋ ಅನ್ನುವ ಹಾಗೆ.

ಅಂಗಡಿಗೆ ಬಂದ ಮೇಲೆ ಮಾಸ್ಟರು, ಎದುರಿಗೆ ಒಬ್ಬ ಗಿರಾಕಿ ನಿಂತಿರುವಾಗಲೇ, ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತ ಹೇಳಿದರು.

"ಊಟ ಬಲ್ಲವನಿಗೆ ರೋಗ ಇಲ್ಲ ಅಂತಾರೆ. ತಿಂದಿದ್ದು ಎಲ್ಲಾದ್ರೂ ಕಾಣಿಸಲೇಬೇಕಲ್ಲ."

"ಏನ್ರೀ ಹಾಗಂದ್ರೆ? ನೀವೇ ನೋಡ್ತಿದ್ದೀರಲ್ಲ ನಾನು ಏನು ತಿಂತೀನಿ ಅಂತ."

"ನೋಡೋವಾಗ ತಿನ್ನಲ್ಲ, ಅದು ಗೊತ್ತು. ಆ ಬಿಸ್ಕತ್ತಿನ ಡಬ್ಬಿಯಲ್ಲಿ ಗುಂಡಿ ಕೆಳಗೆ ಏನಿದೆಯೋ ಯಾರಿಗೆ ಗೊತ್ತು."

ತಮಾಷೆಗೆಂದು ಅಂದದ್ದಂತೆ. ಗಿರಾಕಿಯೂ ನಕ್ಕ. ಕಾಜಾ ಅಕ್ಕ ಡಬ್ಬಿಯ ಮುಚ್ಚಳ ತೆಗೆದು, ಎಲ್ಲರ ಎದುರಿಗೆ ನೆಲದ ಮೇಲೆ ಬೋರಲು ಹಾಕಿದರು. ಗುಂಡಿಗಳು ಮೇಜಿನ ಕೆಳಗೆ, ಮಿಷನ್ನಿನ ಕೆಳಗೆ, ಹೊಸ್ತಿಲವರೆಗೂ ಉರುಳಿಕೊಂಡು ಹೋದವು. ಡಬ್ಬಿಯಲ್ಲಿ ಗುಂಡಿ ಬಿಟ್ಟು ಬೇರೇನೂ ಇರಲಿಲ್ಲ. ಆಮೇಲೆ ಆಕೆಯೇ ಕೆಳಗೆ ಕುಳಿತು ಎಲ್ಲವನ್ನೂ ಆರಿಸಿದರು. ಮಾಸ್ಟರು ಗಿರಾಕಿಯ ಭುಜದ ಅಳತೆ ತೆಗೆಯುತ್ತ ನಿಂತಿದ್ದರು, ಬಗ್ಗಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಸುಮ್ಮನೆ ಅಲ್ಲ. ಮರುದಿನದಿಂದ ಕಾಜಾ ಅಕ್ಕ ನಡೆಯಲು ಹೋಗಲಿಲ್ಲ. ತಪಾಸಣೆಗೂ ಹೋಗಲಿಲ್ಲ. ಮಾತ್ರೆ ಮುಗಿದದ್ದು ಯಾರಿಗೂ ತಿಳಿಯಲಿಲ್ಲ. ಮಗಳು ಪುಟ್ಟಿ ಕೇಳಿದರೆ, "ಹೋಗಿ ಏನು ಮಾಡ್ಲಿ? ಕಳ್ಳಿ ಅನ್ನಿಸಿಕೊಳ್ಳೋಕಾ?" ಎನ್ನುತ್ತಿದ್ದರು. ಮಾಸ್ಟರಿಗೆ ಸಮಾಧಾನ ಹೇಳುವುದು ಹೇಗೆಂದು ತಿಳಿಯಲಿಲ್ಲ. ತಿಳಿದ ಒಂದು ಕೆಲಸವನ್ನು ಮಾತ್ರ ಮಾಡುತ್ತ ಹೋದರು. ಅಂಗಿಗಳನ್ನು ಇನ್ನಷ್ಟು ಸಡಿಲ ಮಾಡಿದರು.

ಹೀಗೇ ಎರಡು ಮೂರು ವರ್ಷ ಕಳೆದಿರಬೇಕು. ಬೀದಿಯ ತುದಿಯ ಆರೋಗ್ಯ ಕೇಂದ್ರದ ನರ್ಸಮ್ಮ ಹೊಸ ಬಿಳಿ ಕೋಟು ಹೊಲಿಸಲು ಕೊಟ್ಟಿದ್ದರು. ತೆಗೆದುಕೊಳ್ಳಲು ಬಂದವರು ಅಲ್ಲೇ ಹಾಕಿಕೊಂಡು ನೋಡಿದರು. ಗುಂಡಿ ಒಂದು ಕಡೆ, ಕಾಜಾ ಒಂದು ಕಡೆ. ಹಾಕಿಕೊಂಡರೆ ಕೋಟು ಓರೆಯಾಗಿ ಎಳೆಯುತ್ತಿತ್ತು. ಕಾಜಾದ ಅಂಚಿನ ಹೆಣಿಗೆ ಒಂದು ಕಡೆ ಒತ್ತೊತ್ತಾಗಿ, ಇನ್ನೊಂದು ಕಡೆ ಬಿಟ್ಟುಬಿಟ್ಟು ಬಂದಿತ್ತು.

ಮಾಸ್ಟರಿಗೆ ನಾಚಿಕೆಯಾಯಿತು. "ಏನೇ ಇದು? ಕಣ್ಣು ಎಲ್ಲಿ ಇಟ್ಕೊಂಡು ಹಾಕಿದೆ?" ಎಂದರು.

ನರ್ಸಮ್ಮ ಕೋಟು ಬಿಚ್ಚಿ ಮೇಜಿನ ಮೇಲಿಟ್ಟರು. ಕೋಟಿನ ವಿಷಯ ಅವರು ಎತ್ತಲೇ ಇಲ್ಲ. "ಅಕ್ಕ, ಸೂಜಿಗೆ ದಾರ ಪೋಣಿಸಿ ನೋಡೋಣ" ಎಂದರು.

ಕಾಜಾ ಅಕ್ಕ ಸೂಜಿ ಹಿಡಿದರು. ದಾರ ಸೂಜಿಯ ಈ ಪಕ್ಕ ಹೋಯಿತು, ಆ ಪಕ್ಕ ಹೋಯಿತು.

"ಎಷ್ಟು ದಿನದಿಂದ ಹೀಗೆ?"

"ಕಪ್ಪು ಕಪ್ಪು ನೂಲಿನ ಎಳೆ ತೇಲಿದ ಹಾಗೆ ಕಾಣುತ್ತೆ. ದಾರದ ಕಸ ಕಣ್ಣಿಗೆ ಬಿದ್ದಿರಬೇಕು ಅಂತ ತೊಳ್ಕೊಳ್ತಿದ್ದೆ" ಎಂದರು ಕಾಜಾ ಅಕ್ಕ. ಇಡೀ ದಿನ ನೂಲಿನ ನಡುವೆ ಇರುವವರಿಗೆ ಬೇರೆ ಏನು ತೋಚೀತು.

ಅದೇ ವಾರ ದೊಡ್ಡ ಆಸ್ಪತ್ರೆಗೆ ಹೋದರು. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಸಣ್ಣ ರಕ್ತನಾಳಗಳನ್ನು ಕೆಡಿಸಿತ್ತು. ಉಳಿದಿರುವ ದೃಷ್ಟಿಯನ್ನು ಕಾಪಾಡಲು ಚಿಕಿತ್ಸೆ ಮಾಡುತ್ತೇವೆ, ಹೋದದ್ದನ್ನು ಪೂರ್ತಿ ತಂದುಕೊಡುತ್ತೇವೆ ಎಂದು ಹೇಳಲಾರೆವು ಎಂದರು ಕಣ್ಣಿನ ಡಾಕ್ಟರು. ಇನ್ನೂ ಮುಂಚೆಯೇ ಬಂದಿದ್ದರೆ ಎಂದು ಅವರು ಶುರುಮಾಡಿದ ಮಾತನ್ನು ಗಂಡ ಹೆಂಡತಿ ಇಬ್ಬರೂ ತಲೆ ತಗ್ಗಿಸಿಕೊಂಡು ಕೇಳಿದರು.

ಚಿಕಿತ್ಸೆ ಆಯಿತು. ಆಕೆಗೆ ಮುಖ ಕಾಣುತ್ತದೆ, ಬಾಗಿಲು ಕಾಣುತ್ತದೆ, ಬೆಳಕು ಕಾಣುತ್ತದೆ. ಸೂಜಿಯ ಕಣ್ಣು ಕಾಣುವುದಿಲ್ಲ. ಟೇಪಿನ ಮೇಲಿನ ಅಂಕಿ ಕಾಣುವುದಿಲ್ಲ. ಕಾಜಾ ಅಕ್ಕ ಎಂಬ ಹೆಸರು ಉಳಿಯಿತು, ಕಾಜಾ ಹೋಯಿತು.

ಆಸ್ಪತ್ರೆಯಿಂದ ಬಂದ ಮೇಲೆ ಒಂದು ಮಧ್ಯಾಹ್ನ ನರ್ಸಮ್ಮ ನೋಡಿಕೊಂಡು ಹೋಗಲು ಬಂದರು. ಮಾಸ್ಟರು ಕುರ್ಚಿ ಸರಿಸಿ ಕೊಟ್ಟರು. ಮಗಳು ಸಕ್ಕರೆಯಿಲ್ಲದ ಚಹಾ ತಂದಳು.

ಮಾಸ್ಟರು ಹಳೆಯ ಹಾಡನ್ನೇ ತೆಗೆದರು. "ಏನು ಮಾಡೋದು ನರ್ಸಮ್ಮ. ಆವತ್ತೇ ಬಾಯಿ ಕಟ್ಟಿದ್ದಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ."

"ಅಕ್ಕ ಬಾಯಿ ಕಟ್ಟಿರಲಿಲ್ಲ ಅಂತ ನಿಮಗೆ ಯಾರು ಹೇಳಿದ್ರು ಮಾಸ್ಟ್ರೇ?"

"ತೂಕದ ಯಂತ್ರ ಹೇಳ್ತು. ಯಂತ್ರ ಸುಳ್ಳು ಹೇಳುತ್ತಾ?"

"ಸುಳ್ಳು ಹೇಳಲ್ಲ. ಆದ್ರೆ ಪೂರ್ತಿ ಹೇಳಲ್ಲ" ಎಂದರು ನರ್ಸಮ್ಮ. "ಕೊಬ್ಬು ಅಂದ್ರೆ ಬೆಣ್ಣೆ ಮುದ್ದೆ ಥರ ಮೈಗೆ ಅಂಟಿಕೊಂಡು ಸುಮ್ನೆ ಕೂತಿರೋ ವಸ್ತು ಅಂತ ಎಲ್ರೂ ತಿಳ್ಕೊಂಡಿದ್ದಾರೆ. ಹಾಗಲ್ಲ ಅದು. ಅದಕ್ಕೂ ಜೀವ ಇದೆ. ಕೋಟಿಗಟ್ಟಲೆ ಸಣ್ಣ ಸಣ್ಣ ಜೀವಕೋಶ ಸೇರಿ ಕೊಬ್ಬು ಆಗೋದು. ಆ ಒಂದೊಂದು ಕೋಶದ ಒಳಗೂ ಮೈಟೊಕಾಂಡ್ರಿಯ ಅಂತ ಇರುತ್ತವೆ."

"ಮೈಟೋ ಏನಂದ್ರಿ?"

"ಹೆಸರು ಮರೆತ್ರೂ ಪರವಾಗಿಲ್ಲ. ಸಣ್ಣ ಮಿಷನ್ನು ಅಂದ್ಕೊಳ್ಳಿ. ನಾವು ತಿಂದಿದ್ದನ್ನ ಉರಿಸಿ ಶಕ್ತಿ ಮಾಡಿಕೊಡೋ ಮಿಷನ್ನು. ಮೈಯಲ್ಲಿ ಎಲ್ಲಾ ಕಡೆ ಇದೆ, ಕೊಬ್ಬಿನೊಳಗೂ ಇದೆ."

ನರ್ಸಮ್ಮ ಅಂಗಡಿಯ ಮೂಲೆ ತೋರಿಸಿದರು. "ಆ ಬಟ್ಟೆ ರಾಶಿ ಕೆಳಗೆ ಏನಿದೆ ಮಾಸ್ಟ್ರೇ?"

"ತುಳಿಯೋ ಮಿಷನ್ನು. ನಮ್ಮಪ್ಪನ ಕಾಲದ್ದು."

"ಓಡುತ್ತಾ?"

"ಎಲ್ಲಿ ಓಡುತ್ತೆ. ಬಟ್ಟೆ ಹೇರಿ ಹೇರಿ ಚಕ್ರ ಬಿಗಿದು ಹೋಗಿದೆ. ಬೆಲ್ಟು ಒಣಗಿದೆ."

"ದಪ್ಪ ಆದವರ ಕೊಬ್ಬಿನಲ್ಲಿ ಇದೇ ಆಗೋದು. ಕೋಶ ತುಂಬಿ ಉಬ್ಬಿಕೊಳ್ಳುತ್ತೆ. ಒಳಗಿರೋ ಮಿಷನ್ನುಗಳು ಕಮ್ಮಿಯಾಗ್ತವೆ, ಕೆಲವು ಚೂರಾಗ್ತವೆ, ಉಳಿದವು ಮಂದ ಆಗ್ತವೆ. ಉರಿಸೋದು ನಿಂತುಹೋದ ಹಾಗೆ. ಆಮೇಲೆ ಬಂದ ಕೊಬ್ಬು ಅಲ್ಲಿ ಹಿಡಿಸದೆ ಯಕೃತ್ತಿಗೆ, ಸ್ನಾಯುಗಳಿಗೆ ಹೋಗಿ ಸೇರ್ಕೊಳ್ಳುತ್ತೆ. ಆಗ ಮೈ ಇನ್ಸುಲಿನ್ ಮಾತು ಕೇಳಲ್ಲ. ಸಕ್ಕರೆ ರಕ್ತದಲ್ಲೇ ಉಳಿದುಬಿಡುತ್ತೆ. ಕಣ್ಣು, ಮೂತ್ರಪಿಂಡ, ಕಾಲು, ಎಲ್ಲದಕ್ಕೂ ಅದೇ ಪೆಟ್ಟು."

ಮಾಸ್ಟರು ಸುಲಭಕ್ಕೆ ಒಪ್ಪುವವರಲ್ಲ. "ಹಾಗಾದ್ರೆ ತಿನ್ನೋದಕ್ಕೂ ಇದಕ್ಕೂ ಸಂಬಂಧನೇ ಇಲ್ಲ ಅನ್ನಿ. ಎಲ್ಲಾ ಮಿಷನ್ನಿಂದೇ ತಪ್ಪು."

"ಸಂಬಂಧ ಇದೆ. ಮಿಷನ್ನಿನ ಮೇಲೆ ಬಟ್ಟೆ ತಾನಾಗೇ ಬಂದು ಬಿತ್ತಾ? ತಿನ್ನೋದು, ಕೂರೋದು, ನಿದ್ದೆ ಕೆಡೋದು, ಹುಟ್ಟಿನಿಂದ ಬಂದಿದ್ದು, ಎಲ್ಲಾ ಸೇರುತ್ತೆ. ರಾಶಿ ಬಿದ್ದು ಮಿಷನ್ನು ನಿಲ್ತೋ, ಮಿಷನ್ನು ನಿಂತು ರಾಶಿ ಬೆಳೀತೋ ಅಂತ ದೊಡ್ಡ ದೊಡ್ಡವರೇ ಇನ್ನೂ ಹುಡುಕ್ತಿದ್ದಾರೆ. ಎರಡೂ ಒಂದನ್ನೊಂದು ಎಳೆಯೋ ಹಾಗೆ ಕಾಣುತ್ತೆ. ಅದಕ್ಕೇ ಒಂದು ಸಲ ಬೊಜ್ಜು ಬಂದು ಕೂತ ಮೈಯಲ್ಲಿ ತೂಕ ಇಳಿಸೋದು ಅಷ್ಟು ಕಷ್ಟ. ಬೇರೆಯವರಷ್ಟೇ ಪಟ್ಟುಹಿಡಿದು ಮಾಡಿದ್ರೂ ಬೇರೆಯವರಷ್ಟು ಇಳಿಯಲ್ಲ. ಅದು ಸೋಮಾರಿತನ ಅಲ್ಲ, ಕಳ್ಳತನನೂ ಅಲ್ಲ."

ಗೋಡೆಗೆ ಒರಗಿ ಕುಳಿತಿದ್ದ ಕಾಜಾ ಅಕ್ಕ ಮೆಲ್ಲಗೆ ಕೇಳಿದರು. "ಹಾಗಾದ್ರೆ ನಾನು ಸುಳ್ಳು ಹೇಳಿರಲಿಲ್ಲ ಅಲ್ವಾ ನರ್ಸಮ್ಮ?"

"ಇಲ್ಲ ಅಕ್ಕ. ನೀವು ಮಾಡ್ತಿದ್ದಿದ್ದು ಸರಿಯಾಗೇ ಇತ್ತು. ನಡೆಯೋವಾಗ ಸ್ನಾಯುಗಳಲ್ಲಿರೋ ಮಿಷನ್ನು ಚುರುಕಾಗ್ತವೆ, ಹೆಚ್ಚಾಗ್ತವೆ. ತೂಕ ಇಳೀದಿದ್ರೂ ಸಕ್ಕರೆ ಹತೋಟಿಗೆ ಬರುತ್ತೆ. ಆವತ್ತು ತೂಕದ ಜೊತೆಗೆ ರಕ್ತನೂ ಪರೀಕ್ಷೆ ಮಾಡಿಸಿದ್ದಿದ್ರೆ ಅಲ್ಲಿ ಗೊತ್ತಾಗ್ತಿತ್ತೇನೋ."

ಮಾಸ್ಟರು ಮೇಜಿನ ಮೇಲಿದ್ದ ಸೀಮೆಸುಣ್ಣದ ಚೂರನ್ನು ಬೆರಳಿನಲ್ಲಿ ಉಜ್ಜುತ್ತಿದ್ದರು. ಅದು ಪುಡಿಯಾಗಿ ಉದುರಿತು. ಆಮೇಲೆ ಕೇಳಿದರು.

"ನಿಂತ ಮಿಷನ್ನು ಮತ್ತೆ ಓಡುತ್ತಾ?"

"ಸ್ವಲ್ಪ ಮಟ್ಟಿಗೆ ಓಡುತ್ತೆ. ನಿಧಾನ. ದಿನಾ ಮೈ ಆಡಬೇಕು, ಊಟ ಹದವಾಗಿರಬೇಕು, ನಿದ್ದೆ ಆಗಬೇಕು, ಮಾತ್ರೆ ಬಿಡಬಾರದು. ಕೊಬ್ಬು ಕರಗಿಸ್ತೀವಿ ಅಂತ ಪುಡಿ, ಎಣ್ಣೆ ಮಾರೋರು ಬರ್ತಾರೆ. ಅವರನ್ನ ಹೊಸ್ತಿಲ ಆಚೆಯಿಂದಲೇ ಕಳಿಸಿ. ಅಕ್ಕನ ಕಣ್ಣಲ್ಲಿ ಉಳಿದಿರೋದನ್ನ ಉಳಿಸ್ಕೊಳ್ಳೋಣ."

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು" ಎಂದರು ಮಾಸ್ಟರು. ಹೇಳಿದ್ದು ತಮಗೇ.

"ಗಾದೆ ಹೇಳೋದರಲ್ಲಿ ಏನೂ ಕಮ್ಮಿಯಿಲ್ಲ ಇವರು" ಎಂದರು ಕಾಜಾ ಅಕ್ಕ. "ಊಟ ಬಲ್ಲವನಿಗೆ ರೋಗ ಇಲ್ಲ ಅಂತ ಆವತ್ತು ಅರ್ಧ ಹೇಳಿದ್ರು. ಮಾತು ಬಲ್ಲವನಿಗೆ ಜಗಳ ಇಲ್ಲ ಅನ್ನೋ ಇನ್ನರ್ಧ ಇವತ್ತಿಗೂ ಬಾಯಿಗೆ ಬಂದಿಲ್ಲ."

ಕಥೆ ಇಲ್ಲಿಗೇ ಮುಗಿದಿದ್ದರೆ ನಿಮಗೆ ಹೇಳುವ ಅಗತ್ಯ ಇರುತ್ತಿರಲಿಲ್ಲ. ಮನುಷ್ಯನಿಗೆ ಕಿವಿಯಿಂದ ಬಂದ ಬುದ್ಧಿ ಕೈಗೆ ಇಳಿಯಲು ಹೊತ್ತು ಹಿಡಿಯುತ್ತದೆ, ಅದರಲ್ಲೂ ದರ್ಜಿಯ ಕೈಗೆ.

ಮಗಳಿಗೆ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೌಂಟರಿನ ಕೆಲಸ. ಬೆಳಿಗ್ಗೆ ಗಾಜಿನ ಹಿಂದೆ ಕುಳಿತರೆ ಪಾಳಿ ಮುಗಿಯುವವರೆಗೆ ಎದ್ದೇಳುವ ಹಾಗಿಲ್ಲ. ಬಾಯಾರಿದರೆ ಪಕ್ಕದ ಅಂಗಡಿಯ ತಂಪು ಪಾನೀಯ. ಒಂದು ಮಧ್ಯಾಹ್ನ ಊಟಕ್ಕೆ ಬಂದವಳು ಸಮವಸ್ತ್ರದ ಇನ್ನೊಂದು ಪ್ಯಾಂಟನ್ನು ತಂದೆಯ ಮೇಜಿನ ಮೇಲಿಟ್ಟಳು.

"ಅಪ್ಪ, ಇದು ಕುಗ್ಗಿದೆ. ಸೊಂಟದಲ್ಲಿ ಸ್ವಲ್ಪ ಸಡಿಲ ಮಾಡಿ."

ಮಾಸ್ಟರು ಪ್ಯಾಂಟು ತೆಗೆದುಕೊಂಡರು. ಕೈ ತಾನಾಗಿ ಅರ್ಧ ಬ್ಲೇಡನ್ನು ಹುಡುಕಿತು. ಹಿಂದಿನ ಹೊಲಿಗೆಯನ್ನು ಅಗಲಿಸಿ ಹಿಡಿದು ಒಂದೊಂದೇ ಎಳೆ ಕತ್ತರಿಸತೊಡಗಿದರು.

ಪರದೆಯ ಆಚೆ ಕುಳಿತಿದ್ದ ಕಾಜಾ ಅಕ್ಕನ ಕಣ್ಣು ಮಂದವಾಗಿದ್ದರೂ ಕಿವಿ ಮಂದವಾಗಿರಲಿಲ್ಲ. ಟಿಕ್, ಟಿಕ್ ಎಂದು ಹೊಲಿಗೆ ಬಿಚ್ಚುವ ಸದ್ದು ಅವರಿಗೆ ಚಿರಪರಿಚಿತ. ಪರದೆ ಹಿಡಿದುಕೊಂಡು ಅಂಗಡಿಗೆ ಬಂದರು.

"ಯಾರದ್ದು ರೀ ಬಿಚ್ತಿರೋದು?"

ಮಾಸ್ಟರ ಕೈ ನಿಂತಿತು. "ಗಿರಾಕಿದು" ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂತು. ಆದರೆ ಮಗಳು ಎದುರಿಗೇ ನಿಂತಿದ್ದಳು.

"ಪುಟ್ಟಿದು" ಎಂದರು.

ಕಾಜಾ ಅಕ್ಕ ಕೈಚಾಚಿ ಪ್ಯಾಂಟಿನ ಸೊಂಟವನ್ನು ಮುಟ್ಟಿ ನೋಡಿದರು. ಬಿಚ್ಚಿದ ಹೊಲಿಗೆಯ ಮೇಲೆ ಬೆರಳು ಆಡಿಸಿದರು.

"ಈ ಸದ್ದು ನಾನು ಅಡುಗೆಮನೆಯಲ್ಲಿರೋವಾಗ ತುಂಬಾ ಸಲ ಕೇಳಿದ್ದೀನಿ. ನಂದೂ ಹೀಗೇ ಬಿಚ್ತಿದ್ರಾ?"

ಮಾಸ್ಟರು ಬ್ಲೇಡನ್ನು ಮೇಜಿನ ಮೇಲಿಟ್ಟು "ಹೂಂ" ಎಂದರು.

"ನನ್ನ ಬಟ್ಟೆ ಯಾವತ್ತೂ ಬಿಗಿ ಆಗಲಿಲ್ಲ. ಅಂಥಾ ದಪ್ಪ ಏನೂ ಆಗಿಲ್ಲ ಬಿಡು ಅಂದ್ಕೊಂಡು ಇದ್ದೆ ನಾನು" ಎಂದರು ಕಾಜಾ ಅಕ್ಕ.

"ನಿನಗೆ ಬೇಜಾರಾಗಬಾರದು ಅಂತ ಮಾಡಿದೆ ಕಣೇ."

"ಗೊತ್ತು. ಹೇಳಬೇಕಾದಾಗ ನಿಮಗೆ ಬಾಯಿ ಇರಲಿಲ್ಲ. ಡಬ್ಬಿ ವಿಷಯ ಆಡೋವಾಗ ಎಲ್ಲಿಂದ ಬಂತು?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮಾಸ್ಟರು ತಡೆದುಕೊಳ್ಳುತ್ತಿದ್ದರೋ ಏನೋ. ಕೊರಳಲ್ಲಿದ್ದ ಟೇಪಿನ ಎರಡು ತುದಿಯನ್ನೂ ಕೈಯಲ್ಲಿ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಮಗಳು ಅಪ್ಪ ಅಳುವುದನ್ನು ಹಿಂದೆ ನೋಡಿರಲಿಲ್ಲ.

"ಏಳಿ. ಇವಳ ಅಳತೆ ತೆಗೀರಿ" ಎಂದರು ಕಾಜಾ ಅಕ್ಕ.

ಮಾಸ್ಟರು ಎದ್ದು ಮಗಳ ಸೊಂಟಕ್ಕೆ ಟೇಪು ಸುತ್ತಿದರು. ಹೆಬ್ಬೆರಳನ್ನು ಅಂಕಿಯ ಮೇಲೆ ಒತ್ತಿದರು. ಅಭ್ಯಾಸದಂತೆ ಚೀಟಿಯ ಕಡೆಗೆ ಬಗ್ಗಿದರು.

"ಬರೆದರೆ ನನಗೆ ಕಾಣಲ್ಲ ರೀ. ಬಾಯಿಬಿಟ್ಟು ಹೇಳಿ."

ಅಪ್ಪನ ಕಾಲದಿಂದ ಆ ಅಂಗಡಿಯಲ್ಲಿ ಯಾರೂ ಆಡದ ಮಾತು ಅದು. ಮಾಸ್ಟರು ಚೀಟಿಯನ್ನು ಪಕ್ಕಕ್ಕೆ ಸರಿಸಿದರು. ಬಾಯಿಬಿಟ್ಟು ಹೇಳಿದರು. "ಮೂವತ್ತಾರು. ಸೊಂಟ ಎತ್ತರದ ಅರ್ಧ ದಾಟಬಾರದು ಅಂತಾರೆ ನರ್ಸಮ್ಮ, ಇವಳ ಎತ್ತರಕ್ಕೆ ಮೂವತ್ತೊಂದು ದಾಟಬಾರದಿತ್ತು."

ಮಗಳ ಮುಖ ಸಣ್ಣದಾಯಿತು. ಕಾಜಾ ಅಕ್ಕ ಅವಳ ಕೈ ಹುಡುಕಿ ಹಿಡಿದುಕೊಂಡರು. "ನಿನ್ನ ತಪ್ಪು ಅಂತ ಅಲ್ಲ ಪುಟ್ಟಿ. ನನಗೆ ಯಾರೂ ಹೇಳಲಿಲ್ಲ, ಅದಕ್ಕೆ ನಿನಗೆ ಹೇಳ್ತಿದ್ದೀವಿ. ನಾಳೆ ನರ್ಸಮ್ಮನ ಹತ್ರ ರಕ್ತ ಪರೀಕ್ಷೆ ಮಾಡಿಸೋಣ. ಆ ಬಣ್ಣದ ನೀರು ಕುಡಿಯೋದು ಬಿಡು. ಪಾಳಿ ನಡುವೆ ಒಂದು ಸಲ ಎದ್ದು ಓಡಾಡೋಕೆ ಬಿಡ್ತಾರಾ ಕೇಳು."

"ಅಪ್ಪಂದೂ ಅಳೀಬೇಕು" ಎಂದಳು ಮಗಳು, ಮೂಗು ಒರೆಸಿಕೊಳ್ಳುತ್ತ.

ಅಳೆದರು. ಆ ಅಂಕಿಯನ್ನು ಮಗಳು ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ಎದುರು ಅಂಗಡಿಯವನು ನಕ್ಕ. ಮಾಸ್ಟರೂ ನಗಬೇಕಾಯಿತು.

ಆ ವಾರ ಮೂಲೆಯ ರಾಶಿಯನ್ನು ತೆಗೆದರು. ಚಕ್ರಕ್ಕೆ ಎಣ್ಣೆ ಬಿಟ್ಟು ಹೊಸ ಬೆಲ್ಟು ಹಾಕಿದ ಮೇಲೆ ಮಿಷನ್ನು ಗೊಣಗುತ್ತ ಗೊಣಗುತ್ತ ತಿರುಗಿತು. ಅದರ ಕೆಳಗೆ ಧೂಳಿನಲ್ಲಿ ಒಂದು ಗುಂಡಿ ಸಿಕ್ಕಿತು. ಮಾಸ್ಟರು ಒರೆಸಿ ಹೆಂಡತಿಯ ಅಂಗೈಯಲ್ಲಿಟ್ಟರು. ಆಕೆ ಬೆರಳಿನಲ್ಲಿ ತಿರುಗಿಸಿ ನೋಡಿ, "ಆವತ್ತಿಂದು" ಎಂದು ಡಬ್ಬಿಗೆ ಹಾಕಿದರು.

ಈಗ ಅಂಗಡಿ ತೆರೆಯುವ ಮುಂಚೆ ಮೂವರೂ ನಡೆಯಲು ಹೋಗುತ್ತಾರೆ. ಮಗಳು ಮುಂದೆ. ಕಾಜಾ ಅಕ್ಕ ಗಂಡನ ಮೊಣಕೈ ಹಿಡಿದು ಹಿಂದೆ. ಮೊದಲು ಇದೇ ದಾರಿಯಲ್ಲಿ ಆಕೆ ಒಬ್ಬರೇ ನಡೆಯುತ್ತಿದ್ದಾಗ ಎಲ್ಲವೂ ಕಾಣುತ್ತಿತ್ತು. ಮಗಳ ಸಕ್ಕರೆ ಗಡಿಯ ಹತ್ತಿರವಿತ್ತು, ಇನ್ನೂ ದಾಟಿರಲಿಲ್ಲ. ಮಗಳಿಗೆ ಹೊತ್ತು ಮೀರಿಲ್ಲ ಎಂಬುದೇ ಆ ಮನೆಗೆ ಉಳಿದ ಸಮಾಧಾನ.

"ಆವತ್ತೇ ಜೊತೆಗೆ ಬರಬೇಕಿತ್ತು ನಾನು" ಎಂದು ಮಾಸ್ಟರು ಒಂದು ಬೆಳಿಗ್ಗೆ ಹೇಳಿದರು.

"ಬರಬೇಕಿತ್ತು" ಎಂದರು ಕಾಜಾ ಅಕ್ಕ. "ಈಗ ದಾರಿ ನೋಡಿ ಹೇಳಿ."

ಮಾಸ್ಟರು ಹೇಳುತ್ತ ನಡೆಯುತ್ತಾರೆ. ಇಲ್ಲಿ ಮೆಟ್ಟಿಲು. ಇಲ್ಲಿ ಕಲ್ಲು. ಎಡಕ್ಕೆ ಬಾ, ಬಸ್ಸು ಬರ್ತಿದೆ. ಒಂದು ಅಳತೆಯನ್ನು ಬಾಯಿಬಿಟ್ಟು ಹೇಳಲಾರದೆ ಹೋದ ಮನುಷ್ಯ ಈಗ ದಾರಿಯಲ್ಲಿರುವ ಒಂದೊಂದನ್ನೂ ಬಾಯಿಬಿಟ್ಟು ಹೇಳಬೇಕಾಗಿದೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ಅಣ್ಣಂದಿರೇ, ಮನೆಯಲ್ಲಿ ಒಂದು ದಾರವಾದರೂ ಇದ್ದೇ ಇರುತ್ತದೆ. ನಿಮ್ಮ ಎತ್ತರದಷ್ಟು ದಾರ ತೆಗೆದುಕೊಳ್ಳಿ. ಅದನ್ನು ಸರಿಯಾಗಿ ಎರಡಾಗಿ ಮಡಚಿ ಸೊಂಟಕ್ಕೆ ಸುತ್ತಿ ನೋಡಿ. ತುದಿಗಳು ಒಂದಕ್ಕೊಂದು ಮುಟ್ಟದಿದ್ದರೆ ಹೆದರಬೇಡಿ, ಅಡಗಿಸಲೂ ಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಸಕ್ಕರೆ, ರಕ್ತದೊತ್ತಡ ನೋಡಿಸಿಕೊಳ್ಳಿ. ಸಕ್ಕರೆ ಕಾಯಿಲೆ ಇದ್ದವರು ವರ್ಷಕ್ಕೊಮ್ಮೆ ಕಣ್ಣು ತೋರಿಸಿ. ತೂಕ ಇಳಿಯಲಿಲ್ಲವೆಂದು ನಡಿಗೆ ಬಿಡಬೇಡಿ, ಮಾತ್ರೆಯನ್ನಂತೂ ನಿಮ್ಮಷ್ಟಕ್ಕೆ ನೀವೇ ಬಿಡಲೇಬೇಡಿ. ಮೈಯೊಳಗಿನ ಸಣ್ಣ ಮಿಷನ್ನುಗಳು ನಿಧಾನವಾಗಿ ಏಳುತ್ತವೆ, ಅವಕ್ಕೆ ಹೊತ್ತು ಕೊಡಿ. ನಿಮ್ಮ ಮನೆಯಲ್ಲಿ ಯಾರಾದರೂ ತೂಕ ಇಳಿಸಲು ಹೆಣಗುತ್ತಿದ್ದರೆ ಅವರ ತಟ್ಟೆ ಎಣಿಸಬೇಡಿ, ಅವರ ಜೊತೆ ನಡೆಯಲು ಹೋಗಿ.

ಮತ್ತೆ ನಿಮ್ಮ ಮನೆಯಲ್ಲೂ ಯಾರದಾದರೂ ಬಟ್ಟೆ ಕುಗ್ಗಿದ್ದರೆ, ಹೊಲಿಗೆ ಬಿಚ್ಚುವ ಮೊದಲು ಬಾಯಿ ಬಿಚ್ಚಿ. ಮೆಲ್ಲಗೆ ಬಿಚ್ಚಿ, ಆದರೆ ಇವತ್ತೇ ಬಿಚ್ಚಿ.